ನಿಮ್ಮ ಬರಿ ಯಾವುದು?

ಕಳವಾದಲ್ಲಿ ಹೊಸದಾಗಿ ಪರಿಚಯವಾದವರು ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮನೆ ಸ್ವಂತದ್ದೋ ಬಾಡಿಗೆಯದೋ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬೆಳಿಗ್ಗೆ ಯಾವ ಲೋಕಲ್ ಹಿಡಿಯುತ್ತೀರಿ, ಇಲ್ಲಿಯೇ ಹತ್ತುತ್ತೀರೋ ಅಥವಾ ಠಾಣೆಗೆ ಹೋಗಿ ಹತ್ತುತ್ತೀರೋ. ಇಷ್ಟು ತಿಳಿದರೆ ಮನುಷ್ಯನ ಅಂತಸ್ತು, ಆರೋಗ್ಯ, ಸ್ವಭಾವ ಮೂರೂ ತಿಳಿದಂತೆಯೆ. ನಮ್ಮ ತುಳುನಾಡಿನ ಹಿರಿಯರಿಗೆ ಇಷ್ಟೆಲ್ಲ ಬೇಕಾಗಿರಲಿಲ್ಲ. ಅವರದು ಒಂದೇ ಪ್ರಶ್ನೆ: "ಈರೆನ ಬರಿ ಒವು?" ಎಂದರೆ, ನಿಮ್ಮ ಬರಿ ಯಾವುದು? ಉತ್ತರ ಬಂದೊಡನೆ ಎದುರಿಗಿರುವವನು ಅಣ್ಣನಾಗಬೇಕೋ ಭಾವನಾಗಬೇಕೋ, ಅವನ ಮನೆಯಿಂದ ಹೆಣ್ಣು ತರಬಹುದೋ ಬಾರದೋ ಎಂಬುದೆಲ್ಲ ಅಲ್ಲಿಯೇ ಇತ್ಯರ್ಥವಾಗುತ್ತಿತ್ತು.

ಊರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಈ ಪತ್ರಿಕೆಯನ್ನು ಧಾರವಾಡ, ಮೈಸೂರು, ಬಳ್ಳಾರಿ ಕಡೆಯವರೂ ಓದುತ್ತಾರಾದುದರಿಂದ ಎರಡು ಮಾತು ಹೇಳುವುದು ಒಳ್ಳೆಯದು. ತುಳುವಿನಲ್ಲಿ ಬರಿ ಎಂದರೂ ಕನ್ನಡದಲ್ಲಿ ಬಳಿ ಎಂದರೂ ಒಂದೆಯೆ. ಅದು ಗೋತ್ರದಂತೆಯೇ ಒಂದು ಕುಲದ ಗುರುತು. ಗೋತ್ರ ತಂದೆಯಿಂದ ಬರುತ್ತದೆ, ಬರಿ ತಾಯಿಯಿಂದ ಬರುತ್ತದೆ. ಕರ್ಕೇರ, ಸಾಲ್ಯಾನ್, ಕೋಟ್ಯಾನ್, ಬಂಗೇರ, ಕುಂದರ್, ಅಮೀನ್, ಸುವರ್ಣ ಎಂದು ಮುಂಬಯಿಯ ಉದ್ದಗಲಕ್ಕೂ ಬಾಗಿಲ ಫಲಕಗಳ ಮೇಲೆ ಕಾಣುವ ಹೆಸರುಗಳಲ್ಲಿ ಬಹಳಷ್ಟು ಬರಿಯ ಹೆಸರುಗಳೇ. ಒಂದೇ ಬರಿಯ ಹೆಣ್ಣು ಗಂಡು ಮದುವೆಯಾಗುವಂತಿಲ್ಲ. ತಾಯಿಯ ಅಕ್ಕತಂಗಿಯರ ಮಕ್ಕಳು ಒಡಹುಟ್ಟಿದವರ ಲೆಕ್ಕ, ಏಕೆಂದರೆ ಅವರದು ನಮ್ಮದೇ ಬರಿ. ಸೋದರಮಾವನ ಮಗಳು ಮಾತ್ರ ಬೇರೆ, ಅವಳಿಗೆ ಅವಳ ತಾಯಿಯ ಬರಿ ಬಂದಿರುತ್ತದೆ. ಆದುದರಿಂದ ಅಲ್ಲಿ ನೆಂಟಸ್ತಿಕೆ ನಡೆಯುತ್ತದೆ.

ನಾವು ಕೆಲಸ ಮಾಡುವ ಸರಕಾರಿ ಕಚೇರಿಯಲ್ಲಿ ದಿನವೂ ಅರ್ಜಿಗಳನ್ನು ತಿರುವಿಹಾಕುವುದೇ ಉದ್ಯೋಗ. ಮಹಾರಾಷ್ಟ್ರದ ಪದ್ಧತಿಯಲ್ಲಿ ಮೊದಲು ತನ್ನ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು. ಬಹಳ ಅಚ್ಚುಕಟ್ಟಾದ ಪದ್ಧತಿ. ಇದರ ನಡುವೆ ಒಮ್ಮೊಮ್ಮೆ ನಮ್ಮ ಕಡೆಯವರ ಅರ್ಜಿ ಬರುತ್ತದೆ. ತಂದೆ ಕೋಟ್ಯಾನ್, ಮಗ ಸಾಲ್ಯಾನ್. ಪಕ್ಕದ ಮೇಜಿನ ಮಿತ್ರರು ಮರಾಠಿಗರು, ಸಜ್ಜನರು. ಅವರು ಕನ್ನಡಕವನ್ನು ಹಣೆಯ ಮೇಲಕ್ಕೇರಿಸಿ, "ಇದೇನು, ದತ್ತಕವೇ?" ಎಂದು ನಮ್ಮನ್ನು ಕೇಳುತ್ತಾರೆ. ಅಲ್ಲ, ತಾಯಿಯ ಹೆಸರು ಎಂದರೆ ಅವರಿಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಒಂದು ದಿನ ಅವರಿಗೆ ಅವರದೇ ನಾಡಿನ ಉದಾಹರಣೆ ಕೊಟ್ಟೆವು. ನಮ್ಮ ಕಲ್ಯಾಣದಿಂದ ಜುನ್ನರಕ್ಕೆ ಹೋಗುವ ಹಳೆಯ ನಾಣೇಘಾಟದ ದಾರಿಯನ್ನು ಆಳಿದ ಸಾತವಾಹನರಲ್ಲಿ ಅತ್ಯಂತ ಹೆಸರಾದ ದೊರೆ ಯಾರು? ಗೌತಮೀಪುತ್ರ ಶಾತಕರ್ಣಿ. ಅವನ ಮಗ ವಾಸಿಷ್ಠೀಪುತ್ರ ಪುಳುಮಾವಿ. ತಂದೆ ಮಗ ಇಬ್ಬರೂ ತಂತಮ್ಮ ತಾಯಿಯ ಹೆಸರು ಹೊತ್ತವರು. ಪಟ್ಟ ಮಾತ್ರ ತಂದೆಯಿಂದ ಮಗನಿಗೇ ಹೋಯಿತು, ಅದು ಬೇರೆ ವಿಷಯ. ಮಿತ್ರರು ಸ್ವಲ್ಪ ಹೊತ್ತು ಯೋಚಿಸಿ, "ಶಾಲೆಯಲ್ಲಿ ನೂರು ಸಲ ಬರೆದಿದ್ದೇವೆ, ಗಮನಿಸಿರಲಿಲ್ಲ" ಎಂದು ಅರ್ಜಿಗೆ ಮುದ್ರೆ ಒತ್ತಿದರು.

ನಮ್ಮಲ್ಲಿ ಹೆಸರಷ್ಟೇ ಅಲ್ಲ, ಆಸ್ತಿಯೂ ಹಾಗೆಯೇ ಇಳಿಯುತ್ತಿತ್ತು. ಬಂಟರು, ಬಿಲ್ಲವರು, ಮೊಗವೀರರು, ತುಳುನಾಡಿನ ಜೈನರು ಮೊದಲಾದವರಲ್ಲಿ ನಡೆದುಬಂದ ಈ ಕಟ್ಟಳೆಗೆ ಅಳಿಯಸಂತಾನವೆಂದು ಹೆಸರು. ಮಾವನ ತರುವಾಯ ಅಳಿಯ, ಎಂದರೆ ಅಕ್ಕತಂಗಿಯರ ಮಗ. ಇದಕ್ಕೆ ಭೂತಾಳಪಾಂಡ್ಯನ ಐತಿಹ್ಯವನ್ನು ಹೇಳುತ್ತಾರೆ. ಹಡಗು ನೀರಿಗಿಳಿಯಬೇಕಾದರೆ ಭೂತಕ್ಕೆ ರಾಜಕುಮಾರನೊಬ್ಬನ ಬಲಿಯಾಗಬೇಕೆಂದಾಗ ದೊರೆಯ ಹೆಂಡತಿ ತನ್ನ ಮಗನನ್ನು ಕೊಡಲೊಲ್ಲದೆ ಹೋದಳಂತೆ. ತಂಗಿ ತನ್ನ ಮಗನನ್ನು ತಂದು ನಿಲ್ಲಿಸಿದಳಂತೆ. ಭೂತ ಮೆಚ್ಚಿ ಹುಡುಗನನ್ನು ಬಿಟ್ಟುಕೊಟ್ಟಿತು, ರಾಜ್ಯ ಆ ಅಳಿಯನಿಗೇ ಹೋಯಿತು. ಕತೆ ಚೆನ್ನಾಗಿದೆ. ಆದರೆ ಮಗನನ್ನು ಕೊಡಲೊಲ್ಲೆನೆಂದ ತಾಯಿಯನ್ನು ಕೆಟ್ಟವಳೆಂದು ನಾವು ಒಪ್ಪುವುದಿಲ್ಲ. ಐತಿಹ್ಯವಿರಲಿ, 13ನೆಯ ಶತಮಾನದ ಕೊನೆಯಲ್ಲಿ ಬಾರಕೂರಿನಿಂದ ಆಳಿದ ಆಳುಪರ ರಾಣಿ ಬಲ್ಲಮಹಾದೇವಿ, 16ನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಚೌಟರ ಅಬ್ಬಕ್ಕ, ಇವರು ಕತೆಯಲ್ಲ, ಚರಿತ್ರೆ.

ಹಾಗೆಂದು ಇದು ಹೆಂಗಸರ ರಾಜ್ಯವಾಗಿತ್ತೆಂದು ಯಾರೂ ಭ್ರಮಿಸಬೇಕಾಗಿಲ್ಲ. ಬೀಗದ ಕೈಯಿದ್ದದ್ದು ಬಹುಮಟ್ಟಿಗೆ ಸೋದರಮಾವನ ಸೊಂಟದಲ್ಲಿ. ಬೇರು ಹೆಣ್ಣಿನದು, ಯಜಮಾನಿಕೆ ಹೆಚ್ಚಾಗಿ ಗಂಡಿನದು. ಆ ಯಜಮಾನಿಕೆಯ ತಕರಾರುಗಳು ಕೋರ್ಟುಗಳಲ್ಲಿ ತಲೆಮಾರುಗಟ್ಟಲೆ ನಡೆದವು. ದಕ್ಷಿಣ ಕನ್ನಡವು ಮದರಾಸಿಗೆ ಸೇರಿದ್ದಾಗ, 1949ರಲ್ಲಿ, ಮದರಾಸು ಅಳಿಯಸಂತಾನ ಕಾಯಿದೆ ಬಂದು ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಅವಕಾಶವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ, ಸತ್ತವನ ಪಾಲು ಅವನ ಹೆಂಡತಿ ಮಕ್ಕಳಿಗೇ ಹೋಗುವ ದಾರಿ ತೆರೆಯಿತು. ಅಲ್ಲಿಗೆ ಆಸ್ತಿಯ ಅಳಿಯಸಂತಾನ ಮುಗಿಯುತ್ತ ಬಂತು, ಹೆಸರಿನ ಅಳಿಯಸಂತಾನ ಉಳಿಯಿತು.

ಆ 1949ರ ಕಾಯಿದೆಯಲ್ಲಿ ಒಂದು ಮಾತಿದೆ. ಒಬ್ಬ ಹೆಂಗಸು ಮತ್ತು ಹೆಣ್ಣುಸಾಲಿನಲ್ಲಿ ಅವಳ ಸಂತಾನ ಸೇರಿದರೆ ಒಂದು 'ಕವರು'. ಕವರಿನಲ್ಲಿ ಸಂತಾನವನ್ನು ಮುಂದುವರಿಸಬಲ್ಲ ಹೆಣ್ಣು ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇದ್ದಲ್ಲಿ ನಿಸ್ಸಂತತಿಯವರಿಗೆ ತಮ್ಮ ಪಾಲಿನ ಮೇಲೆ ಜೀವಾವಧಿಯ ಹಕ್ಕು ಮಾತ್ರ. ಮನೆ ತುಂಬ ಗಂಡುಮಕ್ಕಳಿದ್ದರೂ, ಅವರಿಗೆಲ್ಲ ಮಕ್ಕಳು ಮರಿ ಇದ್ದರೂ, ಕಾಯಿದೆಯ ಕಣ್ಣಿಗೆ ಅವರು ಸಂತತಿ ಇಲ್ಲದವರು! ಬಿ.ಎ. ಓದುವಾಗ ಇದನ್ನು ಮೊದಲು ಕಂಡು ನಕ್ಕಿದ್ದೆವು. ಈಗ ನಗು ಬರುವುದಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇವೆ.

ನಮ್ಮ ಹಿರಿಯರು ಬಾಯಿಲೆಕ್ಕದಲ್ಲಿ ಇಟ್ಟುಕೊಂಡಿದ್ದ ಈ ತಾಯಿಯ ಸಾಲನ್ನು ವಿಜ್ಞಾನಿಗಳು ಇತ್ತೀಚೆಗೆ ರಕ್ತದಲ್ಲಿಯೇ ಓದತೊಡಗಿದ್ದಾರೆ. ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲಿಯೂ ಅಡುಗೆಮನೆಯ ಒಲೆಗಳಂತೆ ಶಕ್ತಿಯನ್ನು ಒದಗಿಸುವ ಸಣ್ಣ ಸಣ್ಣ ಅಂಗಗಳಿವೆ. ಅವುಗಳಿಗೆ ಮೈಟೊಕಾಂಡ್ರಿಯ ಎಂದು ಹೆಸರು. ಕೋಶದ ನಡುವಿನ ಬೀಜದಲ್ಲಿ ತಂದೆತಾಯಿ ಇಬ್ಬರಿಂದಲೂ ಬಂದ ಸುಮಾರು 300 ಕೋಟಿ ಅಕ್ಷರಗಳ ದೊಡ್ಡ ಗ್ರಂಥವಿದೆ. ಈ ಒಲೆಗಳಲ್ಲಿ ಅದರಿಂದ ಬೇರೆಯಾದ ಒಂದು ಪುಟ್ಟ ಡಿ.ಎನ್.ಎ. ಪುಸ್ತಿಕೆಯಿದೆ. ಅದರಲ್ಲಿ 16,569 ಅಕ್ಷರಗಳು, 37 ಜೀನುಗಳು. 1981ರಲ್ಲಿ ಕೇಂಬ್ರಿಜ್ಜಿನ ವಿಜ್ಞಾನಿಗಳು ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದರು. ವಿಶೇಷವೇನೆಂದರೆ ಈ ಪುಸ್ತಿಕೆ ತಾಯಿಯ ಅಂಡದಿಂದ ಮಾತ್ರ ಬರುತ್ತದೆ. ತಂದೆಯ ಕಡೆಯಿಂದ ಒಳಗೆ ಬಂದ ಒಲೆಗಳನ್ನು ಅಂಡವು ಅಳಿಸಿಹಾಕುತ್ತದೆ. ಮಗನಿಗೂ ಮಗಳಿಗೂ ತಾಯಿ ಅದನ್ನು ಕೊಡುತ್ತಾಳೆ, ಮುಂದಕ್ಕೆ ದಾಟಿಸುವವಳು ಮಗಳು ಮಾತ್ರ.

ಈಗ ಲೆಕ್ಕ ಹಾಕಿ ನೋಡಿ. ತಂದೆಗೂ ಮಗನಿಗೂ ಈ ಪುಸ್ತಿಕೆ ಬೇರೆ ಬೇರೆ. ಸೋದರಮಾವನಿಗೂ ಅಳಿಯನಿಗೂ ಒಂದೇ. ತಾಯಿಯ ತಂಗಿಯ ಮಗಳಿಗೂ ನಮಗೂ ಒಂದೇ, ಸೋದರಮಾವನ ಮಗಳದು ಬೇರೆ. ಬರಿಯ ಕಟ್ಟಳೆಯೂ ಅಕ್ಷರಶಃ ಇದೇ ಅಲ್ಲವೆ? ಸೂಕ್ಷ್ಮದರ್ಶಕವಿಲ್ಲದ, ಅಕ್ಷರವೂ ಬಾರದ ನಮ್ಮ ಅಜ್ಜಿಯಂದಿರು ಇಟ್ಟುಕೊಂಡು ಬಂದ ಲೆಕ್ಕವೂ ಪ್ರಯೋಗಶಾಲೆಯ ಲೆಕ್ಕವೂ ಒಂದೇ ದಾರಿಯಲ್ಲಿ ನಡೆಯುತ್ತವೆ.

ಸಾವಿರಾರು ವರ್ಷಗಳ ಹಿಂದಿನದನ್ನು ಅದರಲ್ಲಿ ಹೇಗೆ ಓದುತ್ತಾರೆ? ಗುಮಾಸ್ತರಾದ ನಮಗೆ ಇದು ಸುಲಭವಾಗಿ ತಿಳಿಯಿತು. ಒಂದು ಸುತ್ತೋಲೆಯನ್ನು ಕೈಯಿಂದ ನಕಲು ಮಾಡುವಾಗ ಎಲ್ಲಿಯೋ ಒಂದು ಅಕ್ಷರ ತಪ್ಪುತ್ತದೆ. ಆ ನಕಲಿನಿಂದ ಹುಟ್ಟಿದ ಎಲ್ಲ ನಕಲುಗಳಲ್ಲಿಯೂ ಆ ತಪ್ಪು ಇರುತ್ತದೆ. ಇನ್ನೊಂದು ಶಾಖೆಯಲ್ಲಿ ಬೇರೆ ತಪ್ಪು. ತಪ್ಪುಗಳನ್ನು ಹೋಲಿಸಿ ನೋಡಿದರೆ ಯಾವ ಕಾಗದ ಯಾವುದರಿಂದ ಬಂತು ಎಂದು ಮೂಲದವರೆಗೆ ಹಿಂಬಾಲಿಸಬಹುದು. 1987ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ಎಂಬವರು 147 ಜನರ ಮೈಟೊಕಾಂಡ್ರಿಯವನ್ನು ಹೀಗೆ ಹೋಲಿಸಿ, ಎಲ್ಲ ಸಾಲುಗಳೂ ಸುಮಾರು ಎರಡು ಲಕ್ಷ ವರ್ಷಗಳ ಹಿಂದೆ ಆಫ್ರಿಕದಲ್ಲಿದ್ದ ಒಬ್ಬ ತಾಯಿಯಲ್ಲಿ ಕೂಡುತ್ತವೆಂದು ತೋರಿಸಿದರು. ಆಗ ಅವಳೊಬ್ಬಳೇ ಹೆಂಗಸಾಗಿರಲಿಲ್ಲ. ಉಳಿದವರ ಸಾಲುಗಳು ಎಲ್ಲಿಯೋ ಹೆಣ್ಣಿಲ್ಲದೆ ನಿಂತುಹೋದವು, ಅಷ್ಟೆ. ನಮ್ಮ ಕಾಯಿದೆಯ ಭಾಷೆಯಲ್ಲಿ, ಅವು ನಿಸ್ಸಂತತಿಯಾದವು.

ತಾಯಿಯ ಸಾಲಿಗೆ ಹೆಸರೇ ಇಡದ ಜನರಲ್ಲಿ ಇದು ಹೇಗಿರುತ್ತದೆಂದು ತಿಳಿಯಲು ಬಹು ದೂರದ ಒಂದು ನಾಡನ್ನು ನೋಡೋಣ. ಉತ್ತರ ಸೈಬೀರಿಯದ ಯಮಾಲ್ ಮೊದಲಾದ ಹಿಮದ ಬಯಲುಗಳಲ್ಲಿ ನೆನೆತ್ಸರೆಂಬ ಜನರಿದ್ದಾರೆ. ಒಟ್ಟು ಜನಸಂಖ್ಯೆ ಐವತ್ತು ಸಾವಿರದ ಒಳಗೆ, ಅಂದರೆ ನಮ್ಮ ಠಾಣೆಯ ಒಂದೆರಡು ಬಡಾವಣೆಯಷ್ಟು. ಅವರಲ್ಲಿ ಅನೇಕರು ಇಂದಿಗೂ ಹಿಮಸಾರಂಗಗಳ ಹಿಂಡಿನೊಡನೆ ಊರೂರು ಅಲೆಯುತ್ತಾರೆ. ಚರ್ಮದ ಹೊದಿಕೆಯ ಡೇರೆಯನ್ನು ಹೂಡುವುದು, ಕೀಳುವುದು ಹೆಂಗಸರ ಪಾಲಿನ ಕೆಲಸ. ಕುಲ ಮಾತ್ರ ಪೂರ್ತಿಯಾಗಿ ತಂದೆಯದು. ಹರ್ಯೂಚಿ, ವನುಯ್ತೊ ಎಂದು ಅವರಲ್ಲಿ ಎರಡು ದೊಡ್ಡ ಪಂಗಡಗಳು. ಒಂದರವರು ಇನ್ನೊಂದರಿಂದಲೇ ಹೆಣ್ಣು ತರಬೇಕು. ನಮ್ಮ ಬರಿಯ ನಿಯಮವೇ, ತಿರುವುಮುರುವಾಗಿ.

ಅವರ ರಕ್ತವನ್ನು ಪರೀಕ್ಷಿಸಿದಾಗ ತಂದೆಯ ಸಾಲು ಬಹುಮಟ್ಟಿಗೆ 'ಎನ್' ಎಂದು ವಿಜ್ಞಾನಿಗಳು ಹೆಸರಿಟ್ಟ ಒಂದೇ ದೊಡ್ಡ ಬಳ್ಳಿಗೆ ಸೇರಿದ್ದು ಕಂಡಿತು. ತಾಯಂದಿರ ಸಾಲುಗಳು ಹಾಗಲ್ಲ. ಕೆಲವು ಯುರೋಪಿನ ಕಡೆ ಹೆಚ್ಚಾಗಿರುವ 'ಯು' ಮತ್ತು 'ಎಚ್', ಕೆಲವು ಪೂರ್ವ ಸೈಬೀರಿಯದ 'ಸಿ', 'ಡಿ', 'ಝಡ್'. ಪಡುವಣದಿಂದ ಬಂದ ಅಜ್ಜಿ, ಮೂಡಣದಿಂದ ಬಂದ ಅಜ್ಜಿ ಒಂದೇ ಡೇರೆಯ ಬೆಂಕಿಯ ಸುತ್ತ ಕುಳಿತಿದ್ದಾರೆ. ಕುಲದ ಹೆಸರು ಕೇಳಿದರೆ ತಂದೆಯದು ಬರುತ್ತದೆ. ಆ ಅಜ್ಜಿಯರು ಎಲ್ಲಿಂದ ನಡೆದು ಬಂದರೆಂದು ತಿಳಿಯಲು ರಕ್ತದ ಪರೀಕ್ಷೆಯೇ ಬೇಕಾಯಿತು.

ಇನ್ನೂ ಒಂದು ಸೋಜಿಗ. ಆ 'ಸಿ', 'ಡಿ', 'ಝಡ್' ಮೂರೂ 'ಎಮ್' ಎಂಬ ಮಹಾಶಾಖೆಯ ಕೊಂಬೆಗಳು. ನಮ್ಮ ಭಾರತದ ತಾಯಂದಿರಲ್ಲಿ ನೂರಕ್ಕೆ ಸುಮಾರು 60 ಜನ ಆ 'ಎಮ್' ಶಾಖೆಯ ಬೇರೆ ಕೊಂಬೆಗಳವರೇ. 'ಯು', 'ಎಚ್' ಎರಡೂ 'ಆರ್' ಎಂಬ ಇನ್ನೊಂದು ಶಾಖೆಯವು, ಅದರ ಕೊಂಬೆಗಳೂ ನಮ್ಮಲ್ಲಿ ಬೇಕಾದಷ್ಟಿವೆ. 2008ರಲ್ಲಿ ಪಶ್ಚಿಮ ಸೈಬೀರಿಯದ ಇರ್ತಿಶ್ ನದಿಯ ದಂಡೆಯಲ್ಲಿ ಉಸ್ತ್-ಇಶಿಮ್ ಎಂಬಲ್ಲಿ ಒಂದು ತೊಡೆಯ ಮೂಳೆ ಸಿಕ್ಕಿತು. ಸುಮಾರು 45,000 ವರ್ಷ ಹಿಂದಿನ ಒಬ್ಬ ಗಂಡಸಿನದು. 2014ರಲ್ಲಿ ಪ್ರಕಟವಾದಂತೆ ಅವನ ತಾಯಿಯ ಸಾಲು ಅದೇ 'ಆರ್'. ಎಂದರೆ ಹಿಮಸಾರಂಗದ ಹಿಂದೆ ಹೋದ ತಾಯಂದಿರೂ ಮಲ್ಪೆಯ ಮರಳಿನಲ್ಲಿ ಮೀನು ಒಣಗಿಸಿದ ತಾಯಂದಿರೂ ಯಾವುದೋ ಕಾಲದಲ್ಲಿ ಒಬ್ಬಳೇ ಅಜ್ಜಿಯ ಮಡಿಲಿನಿಂದ ಎದ್ದು ಹೋದವರು.

ನಮ್ಮ ಕರಾವಳಿಯನ್ನು ಕುರಿತೂ ಇಂಥ ಸಂಶೋಧನೆ ನಡೆದಿದೆ. ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯವರು ಬಂಟರು, ನಾಯರು ಮೊದಲಾದ ನೈಋತ್ಯ ಕರಾವಳಿಯ ಸಮುದಾಯಗಳ 213 ಜನರನ್ನು ಪರೀಕ್ಷಿಸಿ 2023ರಲ್ಲಿ ವರದಿ ಪ್ರಕಟಿಸಿದರು. ಇವರ ಪೂರ್ವಿಕರಲ್ಲಿ ಕೆಲವರು ವಾಯವ್ಯ ಭಾರತದಿಂದ ಮಧ್ಯ ಭಾರತ, ಗೋದಾವರಿಯ ಬಯಲುಗಳ ಮೂಲಕ ಇಳಿದು ಬಂದಿರಬೇಕು, ಹಾಗೆ ಬಂದವರಲ್ಲಿ ಹೆಂಗಸರೂ ಇದ್ದರೆಂಬುದನ್ನು ತಾಯಿಯ ಸಾಲುಗಳು ಸೂಚಿಸುತ್ತವೆ ಎಂದು ಅವರ ಅಭಿಪ್ರಾಯ. ವಲಸೆ ಎಂದರೆ ಗಂಡಸು ಪೆಟ್ಟಿಗೆ ಹೊತ್ತು ಹೊರಡುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಮುಂಬಯಿಯ ಹೋಟೆಲಿಗೆ ಬಂದ ನಮ್ಮ ಅಜ್ಜಂದಿರ ಕತೆಯೂ ಹಾಗೆಯೇ ಹೇಳಲ್ಪಡುತ್ತದೆ. ಹತ್ತು ವರ್ಷದ ಮೇಲೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ಹಿಂದಿನಿಂದ ಬಂದ ಅಜ್ಜಿಯರ ಕತೆಯನ್ನು ಯಾರೂ ಬರೆಯಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಆ ಮೆಟ್ಟಿಲಿನಲ್ಲಿ ಲೆಕ್ಕಕ್ಕೆ 1024 ಹಿರಿಯರು ಬರುತ್ತಾರೆ. ಮೈಟೊಕಾಂಡ್ರಿಯ ಅವರಲ್ಲಿ ಒಬ್ಬಳ ಸುದ್ದಿಯನ್ನು ಮಾತ್ರ ಹೇಳುತ್ತದೆ. ಉಳಿದ 1023 ಮಂದಿಯೂ ನಮ್ಮವರೇ. ಬರಿಯೂ ಶುದ್ಧ ರಕ್ತದ ಪ್ರಮಾಣಪತ್ರವಲ್ಲ. ಒಂದೇ ಬರಿಯ ಹೆಸರು ಬಂಟರಲ್ಲಿ, ಬಿಲ್ಲವರಲ್ಲಿ, ಮೊಗವೀರರಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ. ಹೆಣ್ಣಿಲ್ಲದ ಮನೆಯವರು ಹೆಣ್ಣುಮಗುವನ್ನು ದತ್ತು ತೆಗೆದುಕೊಂಡು ಸಾಲು ನಿಲ್ಲದಂತೆ ನೋಡಿಕೊಂಡದ್ದೂ ಉಂಟು. ಸಾಕಿದ ತಾಯಿಯ ಬರಿ ಸಾಕಿದ ಮಗಳಿಗೆ ಬಂತು, ರಕ್ತ ಕೇಳಲಿಲ್ಲ. ಇದನ್ನು ನಾವು ಬರಿಯ ಕೊರತೆ ಎಂದು ಎಣಿಸುವುದಿಲ್ಲ, ದೊಡ್ಡತನವೆಂದೇ ಎಣಿಸುತ್ತೇವೆ.

ಇನ್ನು ನಗು ಬರದ ಕಾರಣ. ನಮ್ಮದು ಕರ್ಕೇರ ಬರಿ, ಅದು ಅಮ್ಮನದು. ಅಮ್ಮನಿಗೆ ಮಕ್ಕಳು ಮೂವರು, ಮೂವರೂ ಗಂಡು. ದೊಡ್ಡಮ್ಮನಿಗೆ ಮಕ್ಕಳಾಗಲಿಲ್ಲ. ಆದುದರಿಂದ ನಮ್ಮ ಅಜ್ಜಿಯ ಸಾಲು ನಮ್ಮ ಮೂವರಲ್ಲಿಗೆ ನಿಲ್ಲುತ್ತದೆ. ಬರಿಯ ಲೆಕ್ಕದಲ್ಲಿಯೂ ನಿಲ್ಲುತ್ತದೆ, ಮೈಟೊಕಾಂಡ್ರಿಯದ ಲೆಕ್ಕದಲ್ಲಿಯೂ ನಿಲ್ಲುತ್ತದೆ. ಅಮ್ಮ ಇದನ್ನು ಯಾವ ಪುಸ್ತಕವನ್ನೂ ಓದದೆ ಬಲ್ಲರು. ನೆರೆಯವರು, "ಮೂವರು ಗಂಡುಮಕ್ಕಳು, ಪುಣ್ಯವಂತೆ" ಎಂದಾಗಲೆಲ್ಲ ಅಮ್ಮ ನಕ್ಕು ಸುಮ್ಮನಾಗುತ್ತಿದ್ದರು. ಆ ನಗುವಿನ ಅರ್ಥ ನಮಗೆ ತಿಳಿದದ್ದು ತಡವಾಗಿ.

ಕಳೆದ ವರ್ಷ ನಮಗೆ ಹೆಣ್ಣುಮಗು ಹುಟ್ಟಿತು. ಮಹಾರಾಷ್ಟ್ರ ಸರಕಾರ 2024ರ ಮಾರ್ಚಿಯಲ್ಲಿ ಒಂದು ನಿರ್ಣಯ ಮಾಡಿರುವುದು ಓದುಗರಿಗೆ ತಿಳಿದಿರಬಹುದು. ಆ ವರ್ಷದ ಮೇ 1ರಿಂದ ಈಚೆಗೆ ಹುಟ್ಟಿದ ಮಕ್ಕಳ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಬರೆಯುವಾಗ ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಬರಬೇಕು. ಒಳ್ಳೆಯ ನಿರ್ಣಯ, ಗೌತಮಿಯ ನಾಡಿಗೆ ಒಪ್ಪುವಂಥದ್ದು. ಆದರೆ ಅದರಲ್ಲಿ ತಾಯಿಯ ಹೆಸರು ಒಂದು ತಲೆಮಾರಿಗೆ ಮಾತ್ರ ನಿಲ್ಲುತ್ತದೆ. ಮಗಳು ತಾಯಿಯಾದಾಗ ಅಜ್ಜಿಯ ಹೆಸರು ಅಳಿದು ಮಗಳ ಹೆಸರು ಬರುತ್ತದೆ. ಕೊಂಡಿ ಇದೆ, ಸರಪಣಿ ಇಲ್ಲ. ಸರಪಣಿಯಾಗುವುದು ಕೊನೆಯ ಅಡ್ಡಹೆಸರು ಒಂದೇ.

ಆ ಜಾಗದಲ್ಲಿ ಏನು ಬರೆಯಬೇಕೆಂದು ಮನೆಯಲ್ಲಿ ಮಾತು ನಡೆಯಿತು. ನಮ್ಮಾಕೆಯದು ಸಾಲ್ಯಾನ್. ಇಲ್ಲಿಯ ಪದ್ಧತಿಯಂತೆ ನಮ್ಮ ಹೆಸರೇ ಸುಲಭ. ನಾಳೆ ಶಾಲೆಯಲ್ಲಿ, ಪಾಸ್‌ಪೋರ್ಟಿನಲ್ಲಿ, ಬ್ಯಾಂಕಿನಲ್ಲಿ "ತಂದೆಯ ಅಡ್ಡಹೆಸರು ಬೇರೆ ಏಕೆ?" ಎಂದು ಕೇಳುವ ಗುಮಾಸ್ತರು ಹೇಗಿರುತ್ತಾರೆಂದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮಾಕೆ ವಾದ ಮಾಡಲಿಲ್ಲ. "ನಿಮಗೆ ಹೇಗೆ ಸರಿಯೋ ಹಾಗೆ" ಎಂದಷ್ಟೇ ಹೇಳಿದಳು. ಸಂಸಾರವಂದಿಗರು ಆ ಮಾತಿನ ಬೆಲೆಯನ್ನು ಬಲ್ಲರು. ತೀರ್ಪು ಕೊಟ್ಟವರು ಅಮ್ಮ. ತೊಟ್ಟಿಲು ತೂಗುತ್ತ, "ಹೆಣ್ಣು ಹುಟ್ಟಿದೆ. ಅದರ ಬರಿ ಅದರದು. ನನ್ನದನ್ನು ಅದಕ್ಕೇಕೆ ಹೊರಿಸುತ್ತೀರಿ? ನನ್ನದು ನಿಮ್ಮಲ್ಲಿಗೆ ಆಯಿತು" ಎಂದರು. ತನ್ನ ಸಾಲು ಮುಗಿಯಿತೆಂದು ಬಲ್ಲ ಹೆಂಗಸು ಸೊಸೆಯ ಸಾಲನ್ನು ಉಳಿಸಿಕೊಟ್ಟಳು. ಮಗುವಿನ ಅಡ್ಡಹೆಸರಿನ ಜಾಗದಲ್ಲಿ ಸಾಲ್ಯಾನ್ ಎಂದು ಬರೆದೆವು.

ಈ ವರ್ಷ ಡೊಂಬಿವಲಿಯಲ್ಲಿ ಒಂದು ಮದುವೆಯ ಊಟದ ಹೊತ್ತಿಗೆ ಅಮ್ಮ ಪಕ್ಕದಲ್ಲಿ ಕುಳಿತ ಹೆಂಗಸನ್ನು ಅಭ್ಯಾಸದಂತೆ ಬರಿ ಕೇಳಿದರು. ಕರ್ಕೇರ ಎಂದಳು. ಯಾವ ಊರು, ಯಾರ ಮಗಳು ಎಂದು ಎಳೆ ಹಿಡಿದು ಹೋದಾಗ ಅವಳು ನಮ್ಮ ಅಜ್ಜಿಯ ತಂಗಿಯ ಮಗಳ ಮಗಳೆಂದು ತಿಳಿಯಿತು. ಸಂಬಂಧದಲ್ಲಿ ನಮಗೆ ತಂಗಿಯಾಗಬೇಕು. ಅವಳಿಗೆ ಇಬ್ಬರು ಹೆಣ್ಣುಮಕ್ಕಳು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರಿದೆ. ಕಲ್ಯಾಣದ ಕಡೆಯ ಲೋಕಲಿನಲ್ಲಿ ನಮ್ಮ ಎದುರಿಗೆ ಕುಳಿತರೂ ನಾವು ಅವರನ್ನು ಗುರುತಿಸುತ್ತಿರಲಿಲ್ಲ, ಅವರು ನಮ್ಮನ್ನು ಗುರುತಿಸುತ್ತಿರಲಿಲ್ಲ. ಅಮ್ಮ ಆ ಹುಡುಗಿಯರನ್ನು ಹತ್ತಿರ ಕರೆದು ಎಲೆಯ ಮೇಲಿನ ಹೋಳಿಗೆಯನ್ನು ಮುರಿದು ಇಬ್ಬರಿಗೂ ಕೊಟ್ಟರು. ನಿಂತುಹೋಯಿತೆಂದುಕೊಂಡಿದ್ದ ಅಜ್ಜಿಯ ತಾಯಿಯ ಸಾಲು ಎರಡು ಜಡೆ ಹಾಕಿಕೊಂಡು ಎದುರಿಗೆ ನಿಂತಿತ್ತು.

ಎಲ್ಲರೂ ತಾಯಿಯ ಹೆಸರನ್ನೇ ಇಟ್ಟುಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಬರಿಯಿಲ್ಲದ ಮನೆಗಳೂ ನಮ್ಮ ಸಂಘದಲ್ಲಿ ಬೇಕಾದಷ್ಟಿವೆ, ಅವರಿಗೂ ತಾಯಂದಿರು ಇದ್ದೇ ಇದ್ದಾರೆ. ರಕ್ತದ ಪರೀಕ್ಷೆಗೆ ಹಣ ಖರ್ಚು ಮಾಡಬೇಕಾಗಿಯೂ ಇಲ್ಲ. ಅದು ಸಾಲಿಗೆ ಒಂದು ಇಂಗ್ಲಿಷ್ ಅಕ್ಷರವನ್ನು ಕೊಡುತ್ತದೆ, ಹೆಸರನ್ನು ಕೊಡುವುದಿಲ್ಲ. ಹೆಸರು ಹಿರಿಯರ ಬಾಯಲ್ಲಿದೆ, ಆ ಬಾಯಿ ಎಂದೆಂದಿಗೂ ಇರುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಕುಳಿತು ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಸಿಕ್ಕಷ್ಟು ಬರೆದಿಡಿ. ನಮ್ಮ ಮಗಳಿಗಾಗಿ ನಮ್ಮ ಅತ್ತೆಯವರಿಂದ ಫೋನಿನಲ್ಲಿ ಕೇಳಿ ಬರೆದುಕೊಂಡೆವು. ಐದು ಹೆಸರು ಸಿಕ್ಕವು. ಐದನೆಯವಳ ತಾಯಿ ಯಾರೆಂದು ಕೇಳಿದಾಗ ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲೇ ಕೇಳಬಾರದಿತ್ತೆ? ನಮ್ಮ ಅಜ್ಜಿಗೆ ಗೊತ್ತಿತ್ತು" ಎಂದರು.